ಹಾಕಿಕೊಂಡದ್ದೆಷ್ಟು, ಮುಗಿಸಿದ್ದೆಷ್ಟು

‘ಡಬ್ಲ್ಯು ಬಂದರೆ ಏನೂ ಆಗುವುದಿಲ್ಲ, ಜಿಪಿಎಯನ್ನು ಅದು ಮುಟ್ಟುವುದೇ ಇಲ್ಲ’ ಎಂದು ನನಗೆ ಹೇಳಿದವರು ಒಬ್ಬರಲ್ಲ, ಮೂವರು. ಮೂವರೂ ನನ್ನ ಒಳ್ಳೆಯದನ್ನೇ ಬಯಸಿದವರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಸೆಮಿಸ್ಟರಿನ ನಡುವೆ ಒಂದು ವಿಷಯವನ್ನು ಕೈಬಿಟ್ಟರೆ ಅಂಕಪಟ್ಟಿಯಲ್ಲಿ ಡಬ್ಲ್ಯು ಎಂಬ ಅಕ್ಷರ ಕೂರುತ್ತದೆ, ಸರಾಸರಿ ಅಂಕಕ್ಕೆ, ಅಂದರೆ ಜಿಪಿಎಗೆ, ಅದು ಸೇರುವುದಿಲ್ಲ. ಆದರೆ ಅಮೆರಿಕದ ಕಾಲೇಜಿನಲ್ಲಿ ಸರ್ಕಾರದ ನೆರವಿನಿಂದ ಓದುವವರಿಗೆ ಅಂಕದ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕವೂ ನಡೆಯುತ್ತಿರುತ್ತದೆ. ಆ ಲೆಕ್ಕ ನನಗೆ ಅರ್ಥವಾಗುವ ಹೊತ್ತಿಗೆ ನೆರವು ನಿಂತುಹೋಗಿತ್ತು.

ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ನ್ಯೂಜೆರ್ಸಿಯಲ್ಲಿ ನೆಲೆಸಿದ್ದ ಅತ್ತೆ ತಮ್ಮ ಅಣ್ಣನಿಗಾಗಿ 2005ರಲ್ಲಿ ವಲಸೆ ಅರ್ಜಿ ಹಾಕಿದ್ದರು. ಆಗ ನಾನು ಅಂಬೆಗಾಲಿಡುವ ಮಗು. ಒಡಹುಟ್ಟಿದವರ ಅರ್ಜಿಯ ಸರದಿ ಅಷ್ಟು ಉದ್ದ. ನಮ್ಮ ಸರದಿ ಬಂದದ್ದು 2022ರಲ್ಲಿ, ನಾನು ಪಿಯುಸಿ ಮುಗಿಸಿದ ಮೇಲೆ. ಅಪ್ಪ, ಅಮ್ಮ, ನಾನು, ತಮ್ಮ ನಾಲ್ವರೂ ಗ್ರೀನ್ ಕಾರ್ಡಿನೊಂದಿಗೆ ಬಂದಿಳಿದೆವು. ಅಪ್ಪನಿಗೆ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿತು. ನಾನು 2023ರ ಜನವರಿಯಲ್ಲಿ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರಿದೆ. ಎರಡು ವರ್ಷದ, 60 ಕ್ರೆಡಿಟ್‌ಗಳ ಆರೋಗ್ಯ ವಿಜ್ಞಾನದ ಓದು. ಕ್ರೆಡಿಟ್ ಎಂದರೆ ಒಂದು ವಿಷಯದ ತೂಕ, ಒಂದೊಂದು ವಿಷಯಕ್ಕೆ ಮೂರೋ ನಾಲ್ಕೋ ಇರುತ್ತದೆ. ಮುಂದೆ ನರ್ಸ್ ಆಗಬೇಕೆಂಬ ಆಸೆ.

ಫೀಸಿಗೆ ದಾರಿ ತೋರಿಸಿದ್ದು ಫಾಫ್ಸಾ ಎಂಬ ಕೇಂದ್ರ ಸರ್ಕಾರದ ಅರ್ಜಿ. ಮನೆಯ ಆದಾಯ ಎಷ್ಟು ಎಂದು ಅದು ಕೇಳುತ್ತದೆ, ಅದೂ ಎರಡು ವರ್ಷ ಹಿಂದಿನದು. ಅಪ್ಪ ತಿಪಟೂರಿನಲ್ಲಿ 2020ರಲ್ಲಿ ದುಡಿದದ್ದನ್ನು ಡಾಲರಿಗೆ ಪರಿವರ್ತಿಸಿ ತುಂಬಿದೆ. ಪೆಲ್ ಗ್ರಾಂಟ್ ಪೂರ್ತಿಯಾಗಿ ಮಂಜೂರಾಯಿತು. ಇದು ಸಾಲವಲ್ಲ, ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಕೊಡುವ ಅನುದಾನ. 2023–24ರಲ್ಲಿ ಅದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ನಮ್ಮ ಕಾಲೇಜಿನ ಫೀಸು, ಪುಸ್ತಕ ಎರಡಕ್ಕೂ ಅದು ಸಾಕಾಗುತ್ತಿತ್ತು.

ಇಲ್ಲಿನ ಕನ್ನಡದವರಲ್ಲಿ ನನಗೆ ಈ ವಿಷಯದಲ್ಲಿ ದಾರಿ ಹೇಳುವವರು ಸಿಗದಿದ್ದುದಕ್ಕೆ ಕಾರಣವಿದೆ. ಎಫ್-1 ವೀಸಾದಲ್ಲಿ ಓದಲು ಬಂದವರಿಗೂ ಎಚ್-4ರಲ್ಲಿ, ಅಂದರೆ ಎಚ್-1ಬಿಯಂಥ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ, ಇರುವವರಿಗೂ ಈ ನೆರವು ಇಲ್ಲ. ನಾಗರಿಕರು, ಗ್ರೀನ್ ಕಾರ್ಡ್ ಇರುವವರು ಮತ್ತು ಇನ್ನು ಕೆಲವು ವರ್ಗದವರಿಗಷ್ಟೇ ಇದು ಸಿಗುತ್ತದೆ. ನಮ್ಮ ಪರಿಚಯದ ಮನೆಗಳಲ್ಲಿ ಹೆಚ್ಚಿನವರು ಎಂಜಿನಿಯರುಗಳು. ಅವರ ಮಕ್ಕಳಿಗೆ ಪೆಲ್ ಅನುದಾನದ ಅಗತ್ಯವೇ ಬಂದಿರಲಿಲ್ಲ. ರಾತ್ರಿ ಪಾಳಿಯ ಗೋದಾಮು ಕೆಲಸಗಾರನ ಮಗಳಾದ ನಾನು ಎಲ್ಲವನ್ನೂ ನಾನೇ ಓದಿ ತಿಳಿಯಬೇಕಿತ್ತು. ಪೂರ್ತಿ ಓದಲಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನೆರವು ಉಳಿಯಬೇಕಾದರೆ ‘ತೃಪ್ತಿಕರ ಶೈಕ್ಷಣಿಕ ಪ್ರಗತಿ’ ತೋರಿಸಬೇಕು. ಇಲ್ಲಿ ಎಲ್ಲರೂ ಸ್ಯಾಪ್ ಎನ್ನುತ್ತಾರೆ. ಕೇಂದ್ರದ ನಿಯಮ ಚೌಕಟ್ಟನ್ನು ಹಾಕಿಕೊಡುತ್ತದೆ, ಅದರೊಳಗೆ ಪ್ರತಿ ಕಾಲೇಜೂ ತನ್ನ ನೀತಿಯನ್ನು ಬರೆದುಕೊಂಡಿರುತ್ತದೆ. ನಮ್ಮ ಕಾಲೇಜಿನಲ್ಲಿ ಜಿಪಿಎ 2.0ಕ್ಕಿಂತ ಕೆಳಗೆ ಇಳಿಯಬಾರದು. ಇದು ಎಲ್ಲರಿಗೂ ಗೊತ್ತಿರುವ ಅಳತೆ. ಎರಡನೆಯದು ಓದಿನ ವೇಗ: ಸೇರಿದಂದಿನಿಂದ ಹಾಕಿಕೊಂಡ ಒಟ್ಟು ಕ್ರೆಡಿಟ್‌ಗಳಲ್ಲಿ ಶೇ 67ರಷ್ಟನ್ನಾದರೂ ಮುಗಿಸಿರಬೇಕು. ಮೂರನೆಯದು ಗರಿಷ್ಠ ಮಿತಿ: 60 ಕ್ರೆಡಿಟ್‌ಗಳ ಓದಿಗೆ ಅದರ ಒಂದೂವರೆ ಪಟ್ಟು, ಅಂದರೆ 90 ಕ್ರೆಡಿಟ್‌ಗಳವರೆಗೆ ಮಾತ್ರ ಪ್ರಯತ್ನಿಸಬಹುದು. ಎರಡನೆಯ ಅಳತೆ ಹುಟ್ಟಿರುವುದೇ ಈ ಮೂರನೆಯದರಿಂದ. 90ರೊಳಗೆ 60 ಮುಗಿಯಬೇಕಾದರೆ ಮೂರರಲ್ಲಿ ಎರಡು ಪಾಲು ಮುಗಿಸುತ್ತಲೇ ಹೋಗಬೇಕಲ್ಲ. ನಮ್ಮೂರಿನ ಕಾಲೇಜಿನಲ್ಲಿ ಶೇ 75ರ ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆದರಿಸುತ್ತಿದ್ದರು. ಆ ಕೊರತೆ ತಿಂಗಳು ತಿಂಗಳೂ ಸೂಚನಾ ಫಲಕದಲ್ಲಿ ಕಾಣುತ್ತಿತ್ತು. ಇಲ್ಲಿನ ಕೊರತೆಯನ್ನು ಹುಡುಕಿಕೊಂಡು ಹೋಗಿ ನೋಡಬೇಕು.

ಡಬ್ಲ್ಯು ಈ ವೇಗದ ಲೆಕ್ಕದಲ್ಲಿ ಬಂದು ಕೂರುತ್ತದೆ. ಹಾಕಿಕೊಂಡದ್ದರ ಕಡೆ ಅದು ಎಣಿಕೆಯಾಗುತ್ತದೆ, ಮುಗಿಸಿದ್ದರ ಕಡೆ ಆಗುವುದಿಲ್ಲ. ಸೆಮಿಸ್ಟರಿನ ಮೊದಲ ದಿನಗಳಲ್ಲಿ, ವಿಷಯ ಸೇರಿಸುವ ಮತ್ತು ತೆಗೆಯುವ ಅವಧಿಯೊಳಗೆ ಬಿಟ್ಟರೆ ಯಾವ ಗುರುತೂ ಉಳಿಯುವುದಿಲ್ಲ. ಅದು ದಾಟಿದ ಮೇಲೆ ಬಿಟ್ಟದ್ದೆಲ್ಲ ಡಬ್ಲ್ಯು.

ಮೊದಲ ಸೆಮಿಸ್ಟರಿನಲ್ಲಿ 12 ಕ್ರೆಡಿಟ್ ಹಾಕಿಕೊಂಡು 9 ಮುಗಿಸಿದೆ. ಅಮೆರಿಕದ ಇತಿಹಾಸದಲ್ಲಿ ಫೇಲಾದೆ. ಇಲ್ಲಿ ಬೆಳೆದ ಮಕ್ಕಳಿಗೆ ಶಾಲೆಯಿಂದಲೇ ಬಾಯಿಪಾಠವಾಗಿದ್ದ ಹೆಸರುಗಳನ್ನು ನಾನು ಆಗಷ್ಟೇ ಮೊದಲ ಸಲ ಕೇಳುತ್ತಿದ್ದೆ. ವೇಗ ಶೇ 75, ಜಿಪಿಎ ಸರಿಯಾಗಿ 2.0. ಅಂಚಿನಲ್ಲಿ ನಿಂತಿದ್ದೆ, ಬಿದ್ದಿರಲಿಲ್ಲ.

ಎರಡನೆಯ ಸೆಮಿಸ್ಟರಿಗೆ 14 ಕ್ರೆಡಿಟ್. ಅಂಗರಚನಾಶಾಸ್ತ್ರ 4, ರಸಾಯನಶಾಸ್ತ್ರ 4, ಬೀಜಗಣಿತ 3, ಸಮಾಜಶಾಸ್ತ್ರ 3. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಬೆಳಗಿನ ಜಾವ ಅಪ್ಪ ಪಾಳಿ ಮುಗಿಸಿ ಬಂದವರು ಬೂಟು ಬಿಚ್ಚಲಾಗದೆ ಬಾಗಿಲಲ್ಲೇ ಕುಳಿತುಬಿಟ್ಟರು. ಮಾತು ತೊದಲುತ್ತಿತ್ತು. ಬಲಗೈ ಮೇಲೇಳಲಿಲ್ಲ. ಪಾರ್ಶ್ವವಾಯು.

ಅಲ್ಲಿಂದ ಮೂರು ವಾರ ನನ್ನ ತರಗತಿಯೆಂದರೆ ಆಸ್ಪತ್ರೆ. ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬರದು. ಆಸ್ಪತ್ರೆಯವರು ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಒದಗಿಸುತ್ತಿದ್ದರು, ಆದರೆ ಅವರು ಸಿಗುವವರೆಗೆ ಕಾಯಬೇಕಿತ್ತು. ಕೆಲವೊಮ್ಮೆ ಹಿಂದಿಯವರು ಬರುತ್ತಿದ್ದರು. ವೈದ್ಯರು ಬೆಳಗ್ಗೆ ಬಂದು ಹೇಳುವ ನಾಲ್ಕು ಮಾತುಗಳನ್ನು ಅಮ್ಮನಿಗೆ ಅಲ್ಲೇ ತಿಳಿಸಲು ನಾನಿರಬೇಕಿತ್ತು. ಕಾರು ಓಡಿಸುವವಳೂ ನಾನೊಬ್ಬಳೇ. ಪ್ರಯೋಗಾಲಯದ ತರಗತಿ ಎರಡು ತಪ್ಪಿದರೆ ಹಿಂದೆ ಬೀಳುತ್ತೇವೆ, ನನಗೆ ಆರು ತಪ್ಪಿದ್ದವು. ಆಗಲೇ ಆ ಮೂವರು ಡಬ್ಲ್ಯು ತೆಗೆದುಕೊಳ್ಳಲು ಹೇಳಿದ್ದು.

ಎಲ್ಲವನ್ನೂ ಬಿಟ್ಟುಬಿಡಬೇಕೆಂದೇ ಹೊರಟಿದ್ದೆ. ನೆರವಿನ ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸು ತಡೆದರು. ಸೆಮಿಸ್ಟರಿನ ಶೇ 60ರಷ್ಟು ದಿನ ಕಳೆಯುವ ಮೊದಲು ಎಲ್ಲ ವಿಷಯಗಳನ್ನೂ ಬಿಟ್ಟರೆ, ಓದಿದಷ್ಟು ದಿನಕ್ಕೆ ಮಾತ್ರ ನೆರವು ನನ್ನದಾಗುತ್ತದೆ, ಉಳಿದದ್ದು ಸರ್ಕಾರಕ್ಕೆ ವಾಪಸು ಹೋಗುತ್ತದೆ, ಆ ಫೀಸಿನ ಬಾಕಿ ನನ್ನ ಮೇಲೆ ಬೀಳಬಹುದು ಎಂದು ಕಾಗದದಲ್ಲಿ ಗೆರೆ ಎಳೆದು ತೋರಿಸಿದರು. ಅಂದು ಏಳನೆಯ ವಾರ, ಒಂಬತ್ತನೆಯದು ದಾಟಬೇಕಿತ್ತು. ಹಾಗಾಗಿ ಪ್ರಯೋಗಾಲಯವಿದ್ದ ಎರಡನ್ನು ಮಾತ್ರ ಬಿಟ್ಟೆ, ಬೀಜಗಣಿತ ಮತ್ತು ಸಮಾಜಶಾಸ್ತ್ರವನ್ನು ಆಸ್ಪತ್ರೆಯ ಕುರ್ಚಿಯಲ್ಲೇ ಓದಿ ಎರಡರಲ್ಲೂ ಬಿ ಪಡೆದೆ. ಆ ಹೆಂಗಸಿನ ಋಣ ದೊಡ್ಡದು.

ಆದರೂ 8 ಕ್ರೆಡಿಟ್ ಹೋಯಿತು. ಒಟ್ಟು ಹಾಕಿಕೊಂಡದ್ದು 26, ಮುಗಿಸಿದ್ದು 15. ಶೇ 57.7. ಜನವರಿಯಲ್ಲಿ ಕಾಲೇಜಿನ ಮಿಂಚಂಚೆಗೆ ‘ಎಚ್ಚರಿಕೆ’ ಎಂಬ ತಲೆಬರಹದ ಪತ್ರ ಬಂದಿತ್ತು. ನನ್ನ ಜಿಪಿಎ 2.33ಕ್ಕೆ ಏರಿತ್ತು, ಹಾಗಾಗಿ ಅದು ಎಲ್ಲರಿಗೂ ಕಳಿಸುವ ಸಾಮಾನ್ಯ ಪತ್ರವೆಂದುಕೊಂಡು ಮುಚ್ಚಿಟ್ಟೆ. ಈ ಎಚ್ಚರಿಕೆಯ ಹಂತದಲ್ಲಿ ಒಂದು ಸೆಮಿಸ್ಟರಿನ ನೆರವು ಯಾವ ಅರ್ಜಿಯೂ ಇಲ್ಲದೆ ಸಿಗುತ್ತದೆ. ದುಡ್ಡು ಬಂತು, ನಾನು ನಿಶ್ಚಿಂತಳಾದೆ. ಆ ಪತ್ರವನ್ನು ಅಂದೇ ಓದಿ ಸಲಹೆಗಾರರ ಬಳಿ ಹೋಗಿದ್ದರೆ ಮುಂದಿನದು ಬಹುಶಃ ಆಗುತ್ತಿರಲಿಲ್ಲ.

2024ರ ವಸಂತದ ಸೆಮಿಸ್ಟರನ್ನು ನೆನೆದರೆ ಈಗಲೂ ಆಯಾಸವಾಗುತ್ತದೆ. ಅಪ್ಪ ಮನೆಯಲ್ಲಿ, ಸಂಬಳವಿಲ್ಲ. ಭಾರತೀಯ ದಿನಸಿ ಅಂಗಡಿಯೊಂದರಲ್ಲಿ ವಾರಕ್ಕೆ 35 ಗಂಟೆ ನಿಂತೆ. ಅದರ ಜತೆ 12 ಕ್ರೆಡಿಟ್. ಸಂಖ್ಯಾಶಾಸ್ತ್ರದಲ್ಲಿ ಎಫ್. ಇಂಗ್ಲಿಷ್ ಎರಡನೆಯ ಭಾಗ ಮತ್ತೆ ಡಬ್ಲ್ಯು. ಉಳಿದ ಆರು ಕ್ರೆಡಿಟ್ ಹೇಗೋ ದಾಟಿದವು. 38ಕ್ಕೆ 21. ಶೇ 55.3.

ಮೇ ಕೊನೆಯಲ್ಲಿ ಕಾಲೇಜಿನ ಜಾಲತಾಣದಲ್ಲಿ ನನ್ನ ಹೆಸರಿನ ಮುಂದೆ ‘ಅಮಾನತು’ ಎಂಬ ಪದ ಬಂದಿತ್ತು. ಪೆಲ್ ಇಲ್ಲ, ಸಾಲವೂ ಇಲ್ಲ, ರಾಜ್ಯದ ನೆರವಿಗೂ ಇದೇ ಷರತ್ತು. ಕಾಲೇಜಿನಿಂದ ಹೊರಹಾಕಿಲ್ಲ, ದುಡ್ಡು ಕೊಟ್ಟು ಓದಬಹುದು. ದುಡ್ಡಿಲ್ಲದವಳಿಗೆ ಎರಡೂ ಒಂದೇ. ಜಿಪಿಎ 2.11 ಇರುವಾಗ ಇದು ಹೇಗೆ ಎಂದು ಕಣ್ಣೀರು ಹಾಕುತ್ತ ಅಡುಗೆಮನೆಯ ಮೇಜಿನ ಮೇಲೆ ನಿಯಮದ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದೆ. ಅಪ್ಪ ನಿಧಾನವಾಗಿ ಬಂದು ಪಕ್ಕದಲ್ಲಿ ಕುಳಿತರು. ಅವರ ಮಾತು ಆಗ ಬಹುಮಟ್ಟಿಗೆ ಮರಳಿತ್ತು. ನಾನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಮಂಡಿಗೆ ಬಂದ ಮೂಟೆ ಎಷ್ಟು, ಬಿಕರಿಯಾದ ಮೂಟೆ ಎಷ್ಟು ಅಂತ ಕೇಳುತ್ತಿದ್ದಾರೆ, ಅಷ್ಟೇ ತಾನೆ? ಎಷ್ಟು ದರಕ್ಕೆ ಹೋಯಿತು ಅನ್ನುವುದು ಬೇರೆ ಪುಸ್ತಕ.”

ಒಂದೂವರೆ ವರ್ಷದಲ್ಲಿ ನನಗೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ದರದ ಪುಸ್ತಕವನ್ನು ಮಾತ್ರ ನೋಡಿಕೊಂಡು ನಾನು ಸುಮ್ಮನಿದ್ದೆ.

ಉಳಿದಿದ್ದ ದಾರಿ ಮೇಲ್ಮನವಿ. ಹತ್ತಿರದ ಬಂಧುವಿನ ಸಾವು, ವಿದ್ಯಾರ್ಥಿಯ ಕಾಯಿಲೆ ಅಥವಾ ಗಾಯ, ಇಲ್ಲವೇ ಬೇರೆ ವಿಶೇಷ ಸಂದರ್ಭ ಇದ್ದರೆ ಮೇಲ್ಮನವಿಗೆ ಅವಕಾಶವಿದೆ. ಅದರಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ಏಕೆ ಪ್ರಗತಿ ಆಗಲಿಲ್ಲ, ಮತ್ತು ಮುಂದೆ ಆಗುವಂತೆ ಈಗ ಏನು ಬದಲಾಗಿದೆ.

ನನ್ನ ಮೊದಲ ಪತ್ರ ನಮ್ಮ ಶಾಲೆಯ ರಜಾ ಅರ್ಜಿಯ ಹಾಗಿತ್ತು. ‘ದಯವಿಟ್ಟು ಕ್ಷಮಿಸಿ, ಇನ್ನೊಂದು ಅವಕಾಶ ಕೊಡಿ, ಇನ್ನು ಮುಂದೆ ಚೆನ್ನಾಗಿ ಓದುತ್ತೇನೆ.’ ಅಪ್ಪನ ಕಾಯಿಲೆಯ ಬಗ್ಗೆ ‘ಮನೆಯ ತೊಂದರೆ’ ಎಂಬ ಎರಡೇ ಪದ. ಮನೆಯ ಕಷ್ಟವನ್ನು, ಅದರಲ್ಲೂ ಅಪ್ಪನ ಅಸಹಾಯಕತೆಯನ್ನು, ಮುಖ ನೋಡದ ಸಮಿತಿಯೊಂದಕ್ಕೆ ಬರೆದು ತೋರಿಸಲು ಮನಸ್ಸು ಒಪ್ಪಲಿಲ್ಲ. ನಾವು ಹಾಗೆ ಬೆಳೆದಿಲ್ಲ. ಹತ್ತು ದಿನಗಳಲ್ಲಿ ಆ ಅರ್ಜಿ ವಾಪಸು ಬಂತು: ದಾಖಲೆ ಇಲ್ಲ, ಬದಲಾವಣೆ ಏನೆಂದು ಹೇಳಿಲ್ಲ.

ಕಾಲೇಜಿನ ಸಲಹೆಗಾರ್ತಿಯ ಬಳಿ ಹೋದೆ. ಅವರು ಪತ್ರ ಓದಿ, ಇದರಲ್ಲಿ ಕ್ಷಮೆ ಕೇಳುವಂಥದ್ದು ಏನೂ ಇಲ್ಲ, ಸಮಿತಿ ಕ್ಷಮಿಸಲು ಕೂತಿಲ್ಲ, ಮುಂದಿನ ಸೆಮಿಸ್ಟರ್ ನೀನು ಮುಗಿಸುತ್ತೀಯ ಎಂದು ನಂಬಲು ಅದಕ್ಕೆ ಆಧಾರ ಬೇಕು ಎಂದರು. ತಾರೀಖು ಹಾಕಿ ಬರೆ ಎಂದರು. ಯಾವ ದಿನ ಆಸ್ಪತ್ರೆ, ಎಷ್ಟು ತರಗತಿ ತಪ್ಪಿತು, ಯಾವ ದಿನ ವಿಷಯ ಬಿಟ್ಟೆ. ವಸಂತದ ಸೆಮಿಸ್ಟರಿನ ಎಫ್ ಬಗ್ಗೆ ಬೇರೆಯಾಗಿಯೇ ಬರೆಯಿಸಿದರು. ಏಕೆಂದರೆ ಆಗ ಅಪ್ಪ ಆಸ್ಪತ್ರೆಯಲ್ಲಿ ಇರಲಿಲ್ಲ, ನಾನು ಅಂಗಡಿಯಲ್ಲಿದ್ದೆ. ಅದನ್ನು ಕಾಯಿಲೆಯ ಹೆಸರಿನಲ್ಲಿ ಮುಚ್ಚಬಾರದು, ಸಂಬಳ ನಿಂತದ್ದರಿಂದ 35 ಗಂಟೆ ದುಡಿದೆ ಎಂದೇ ಹೇಳಬೇಕು. ಹಾಗೆಯೇ ಬರೆದೆ.

‘ಏನು ಬದಲಾಗಿದೆ’ ಎಂಬ ಭಾಗಕ್ಕೆ ನಿಜವಾಗಿಯೂ ಏನಾದರೂ ಬದಲಾಗಬೇಕಿತ್ತು. ಇದು ಆ ನಿಯಮದ ಒಳ್ಳೆಯ ಗುಣ ಎಂದು ಈಗ ಅನ್ನಿಸುತ್ತದೆ; ಮನೆಯವರೆಲ್ಲ ಕುಳಿತು ಮಾತನಾಡುವಂತೆ ಅದು ಮಾಡಿತು. ಅತ್ತೆ ವಾರದಲ್ಲಿ ಎರಡು ದಿನ ಅಪ್ಪನನ್ನು ಚಿಕಿತ್ಸೆಗೆ ಕರೆದೊಯ್ಯಲು ಒಪ್ಪಿದರು. ಅಮ್ಮ ಊಟದ ಡಬ್ಬಿ ಕಳಿಸುವ ಮನೆಯೊಂದರಲ್ಲಿ ಚಪಾತಿ ಲಟ್ಟಿಸುವ ಕೆಲಸಕ್ಕೆ ಸೇರಿದರು, ಬಸ್ಸು ಹತ್ತಿ ಒಬ್ಬರೇ ಹೋಗಿಬರುವುದನ್ನು ಕಲಿತರು. ನಾನು ಅಂಗಡಿಯ ಕೆಲಸವನ್ನು 15 ಗಂಟೆಗೆ ಇಳಿಸಿದೆ. ಅಂಗಡಿಯವರಿಂದ ಅದಕ್ಕೊಂದು ಪತ್ರ, ಆಸ್ಪತ್ರೆಯ ಬಿಡುಗಡೆ ವರದಿ, ಚಿಕಿತ್ಸಾ ಕೇಂದ್ರದ ಪತ್ರ, ಸಲಹೆಗಾರ್ತಿ ಸಹಿ ಮಾಡಿದ ಓದಿನ ಯೋಜನೆ. ಆಸ್ಪತ್ರೆಯ ದಾಖಲೆ ಪಡೆಯಲು ಅಪ್ಪನ ಸಹಿ ಬೇಕಿತ್ತು. ಕಾಗದವನ್ನು ಅವರ ಮುಂದಿಟ್ಟು ಮುಖ ನೋಡಲಾಗದೆ ನಿಂತಿದ್ದೆ.

“ಕೊಡು ಅಮ್ಮಣ್ಣಿ,” ಎಂದರು. “ನನ್ನ ಕಾಯಿಲೆ ನಿನ್ನ ಓದನ್ನು ಕೆಡಿಸಿತು. ಅದರ ಕಾಗದವಾದರೂ ನಿನ್ನ ಓದಿಗೆ ಬರಲಿ.”

ಮೂವತ್ತು ವರ್ಷ ಮುತ್ತು ಪೋಣಿಸಿದ ಹಾಗೆ ಲೆಕ್ಕ ಬರೆದ ಕೈ ಅದು. ಎಡಗೈಯಿಂದ, ಮಗುವಿನ ಅಕ್ಷರದಲ್ಲಿ ಸಹಿ ಹಾಕಿದರು.

ಜುಲೈ ಮೊದಲ ವಾರ ಎರಡನೆಯ ಬಾರಿ ಸಲ್ಲಿಸಿದೆ. ಉತ್ತರ ಬಂದದ್ದು ಆಗಸ್ಟ್ ಮೂರನೆಯ ವಾರ. ಅಷ್ಟರಲ್ಲಿ ಫೀಸಿನ ಗಡುವು ಬಂದಿತ್ತು. ಕಟ್ಟದಿದ್ದರೆ ತರಗತಿಯ ಪಟ್ಟಿಯಿಂದ ಹೆಸರು ಬೀಳುತ್ತದೆ. ಕಂತಿನ ಯೋಜನೆಗೆ ಸೇರಿ ಮೊದಲ ಕಂತನ್ನು ಅತ್ತೆಯ ಬಳಿ ಕೈಗಡ ತಂದು ಕಟ್ಟಿದೆ. ಮೇಲ್ಮನವಿ ಹಾಕಿದವರು ಯಾರೇ ಆಗಲಿ ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ತೀರ್ಮಾನಕ್ಕೂ ಫೀಸಿನ ಗಡುವಿಗೂ ಹೊಂದಾಣಿಕೆ ಇರುವುದಿಲ್ಲ.

ಮನವಿ ಒಪ್ಪಿಗೆಯಾಗಿತ್ತು, ಎರಡು ಸೆಮಿಸ್ಟರಿನ ಯೋಜನೆಯ ಮೇಲೆ. ಒಂದೇ ಸೆಮಿಸ್ಟರಿನಲ್ಲಿ ಶೇ 67 ಮುಟ್ಟುವಂತಿದ್ದರೆ ಪ್ರೊಬೇಷನ್, ಅಂದರೆ ಒಂದು ಸೆಮಿಸ್ಟರಿನ ಮಟ್ಟಿಗೆ ನೆರವು ಕೊಟ್ಟು ನೋಡುವುದು, ಒಂದೇ ಸಾಕಾಗುತ್ತದೆ. ಆಗದಿದ್ದರೆ ಹೀಗೆ ಯೋಜನೆ ಹಾಕಿಕೊಡುತ್ತಾರೆ. ಷರತ್ತು ಬಿಗಿಯಾಗಿತ್ತು: ಹಾಕಿಕೊಂಡ ಎಲ್ಲ ವಿಷಯಗಳನ್ನೂ ಮುಗಿಸಬೇಕು, ಒಂದೂ ಡಬ್ಲ್ಯು ಕೂಡದು, ಯೋಜನೆಯಲ್ಲಿಲ್ಲದ ವಿಷಯ ತೆಗೆದುಕೊಳ್ಳಕೂಡದು.

ಸೆಪ್ಟೆಂಬರಿನಲ್ಲಿ 13 ಕ್ರೆಡಿಟ್. ಬಿಟ್ಟಿದ್ದ ಅಂಗರಚನಾಶಾಸ್ತ್ರ, ಬಿಟ್ಟಿದ್ದ ಇಂಗ್ಲಿಷ್, ಫೇಲಾಗಿದ್ದ ಸಂಖ್ಯಾಶಾಸ್ತ್ರ, ಜತೆಗೆ ನೀತಿಶಾಸ್ತ್ರ. ಒಂದು ವಿಷಯವನ್ನು ಎರಡನೆಯ ಬಾರಿ ಓದಿ ಪಾಸಾದರೆ ನಮ್ಮ ಕಾಲೇಜಿನಲ್ಲಿ ಜಿಪಿಎಗೆ ಹೊಸ ಅಂಕವೇ ನಿಲ್ಲುತ್ತದೆ, ಆದರೆ ವೇಗದ ಲೆಕ್ಕದಲ್ಲಿ ಎರಡು ಪ್ರಯತ್ನಗಳೂ ಉಳಿಯುತ್ತವೆ. ಸಂಖ್ಯಾಶಾಸ್ತ್ರದ ಬೋಧನಾ ಕೇಂದ್ರದಲ್ಲಿ ಉಚಿತವಾಗಿ ಹೇಳಿಕೊಡುತ್ತಾರೆಂದು ಆಗ ತಿಳಿಯಿತು. ಪ್ರತಿ ಮಂಗಳವಾರ, ಗುರುವಾರ ಅಲ್ಲಿಯೇ ಇರುತ್ತಿದ್ದೆ. ನಾಲ್ಕೂ ಪಾಸಾದೆ. 51ಕ್ಕೆ 34. ಭಾಗಿಸಿ ನೋಡಿದರೆ 66.67, ಕರಾರುವಾಕ್ಕಾಗಿ ಮೂರರಲ್ಲಿ ಎರಡು ಪಾಲು. ಕಾಲೇಜಿನ ಗೆರೆ 67. ಕೂದಲೆಳೆಯಷ್ಟು ಕಡಿಮೆ. ಯೋಜನೆ ಎರಡು ಸೆಮಿಸ್ಟರಿನದಾಗಿದ್ದರಿಂದ ನೆರವು ನಿಲ್ಲಲಿಲ್ಲ. ಸಲಹೆಗಾರ್ತಿ ಹಿಂದಿನ ಬೇಸಿಗೆಯಲ್ಲೇ ಈ ಭಾಗಾಕಾರ ಮಾಡಿ ನೋಡಿದ್ದರೆಂದು ನನಗೆ ಆಮೇಲೆ ತಿಳಿಯಿತು.

2025ರ ವಸಂತದಲ್ಲಿ ಅಂಗರಚನಾಶಾಸ್ತ್ರದ ಎರಡನೆಯ ಭಾಗ ಮತ್ತು ರಸಾಯನಶಾಸ್ತ್ರ, ಎರಡಕ್ಕೂ ಪ್ರಯೋಗಾಲಯ. ಅದರ ಜತೆ ಇನ್ನೂ ಎರಡು ವಿಷಯ ಹೊರಲು ಆಗದೆಂದು ಈ ಸಲ ಮೊದಲೇ ಹೇಳಿದೆ. ಒಟ್ಟು 11 ಕ್ರೆಡಿಟ್ ಸಾಕೆಂದು ಯೋಜನೆಯಲ್ಲೇ ಬರೆಯಿಸಿಕೊಂಡೆ. ಪೂರ್ಣಾವಧಿಗೆ 12 ಬೇಕು. 2024–25ರಿಂದ ಪೆಲ್ ಅನುದಾನವನ್ನು ಕ್ರೆಡಿಟ್‌ಗೆ ತಕ್ಕಂತೆ ಅಳೆಯುತ್ತಾರೆ, 11ಕ್ಕೆ ಶೇ 92. ಶೇ 8ರಷ್ಟು ಕಡಿಮೆ ದುಡ್ಡು ಬಂತು. 12 ಹಾಕಿಕೊಂಡು ನಡುವೆ ಒಂದನ್ನು ಬಿಡುವುದಕ್ಕಿಂತ ಈ ನಷ್ಟ ಎಷ್ಟೋ ಮೇಲು. ಎರಡು ವರ್ಷ ಹಿಂದಿನ ನಾನಾಗಿದ್ದರೆ 12ನ್ನೇ ಹಾಕಿಕೊಳ್ಳುತ್ತಿದ್ದೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. 62ಕ್ಕೆ 45. ಶೇ 72.6. ಜಾಲತಾಣದಲ್ಲಿ ನನ್ನ ಹೆಸರಿನ ಮುಂದೆ ‘ತೃಪ್ತಿಕರ’ ಎಂದಿತ್ತು.

ಅಡುಗೆಮನೆಯ ಗೋಡೆಗೆ ತಿಪಟೂರಿನ ಮಂಡಿಯವರು ಪ್ರತಿ ವರ್ಷ ಅಪ್ಪನಿಗೆ ಕಳಿಸುವ ಕ್ಯಾಲೆಂಡರ್ ಇದೆ. ಅಪ್ಪ ಅದರ ಮುಂದೆ ನಿಂತು ಕೇಳಿದರು: “ಇನ್ನೆಷ್ಟು ಮುಗಿಸಬೇಕು?”

“ಹದಿನೈದು.”

“ಇನ್ನೆಷ್ಟು ಹಾಕಿಕೊಳ್ಳಬಹುದು?”

ತೊಂಬತ್ತರಲ್ಲಿ ಅರವತ್ತೆರಡನ್ನು ಕಳೆದು, “ಇಪ್ಪತ್ತೆಂಟು,” ಎಂದೆ.

ಚಿಕಿತ್ಸೆಯವರು ಬೆರಳು ಪಳಗಲೆಂದು ದಿನವೂ ಬರೆಯಲು ಹೇಳಿದ್ದರು. ಅಪ್ಪ ಪೆನ್ನನ್ನು ಬಲಗೈಗೆ ತೆಗೆದುಕೊಂಡರು. ಜೂನ್ ಪುಟದ ಅಂಚಿನಲ್ಲಿ ಒಂದು ಗೀಟು ಎಳೆದು, ಅದರ ಎಡಕ್ಕೆ 15, ಬಲಕ್ಕೆ 28 ಎಂದು ನಿಧಾನವಾಗಿ ಬರೆದರು.